ಬೇಕರಿ ಪಾಸ್ಕಲಣ್ಣನ ಮನೆ ಒಂದೇ ದಿನದಲ್ಲಿ ಹೋದದ್ದು

ನಮ್ಮೂರಿನ ಮಿಕ್ಕೆಲ್ಲ ಓಣಿಗಳಲ್ಲಿ ಹೊತ್ತು ಮುಳುಗಿದ ಮೇಲೂ ದಿಬ್ಬದ ಓಣಿಯಲ್ಲಿ ಇನ್ನೊಂದು ತಾಸು ಬೆಳಕಿರುತ್ತದೆ. ಕೆಳಪೇಟೆಯವರು ದೀಪ ಹಚ್ಚಿ, ಅಂಗಡಿಗೆ ಊದಿನಕಡ್ಡಿ ಬೆಳಗಿ, ಬಾಗಿಲು ಮುಂದೆ ಮಾಡಿಕೊಳ್ಳುವ ಹೊತ್ತಿಗೆ ದಿಬ್ಬದ ಮೇಲೆ ಹುಡುಗಿಯರು ಇನ್ನೂ ಕುಂಟಾಬಿಲ್ಲೆ ಆಡುತ್ತಿರುತ್ತಾರೆ, ಗಂಡಸರು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿರುತ್ತಾರೆ. ಹಾಲಿನವಳು ಕೆಳಗಿನ ಮನೆಗಳನ್ನೆಲ್ಲ ಮುಗಿಸಿ ಕೊನೆಗೆ ಅಲ್ಲಿಗೆ ಹೋಗುತ್ತಾಳೆ. ಕೆಳಗಿನಿಂದ ಕೋಳಿ ತಂದವರು ಮೊದಲ ವಾರ ಹೊತ್ತಿಗೆ ಸರಿಯಾಗಿ ಅವುಗಳ ಮೇಲೆ ಬುಟ್ಟಿ ಕವುಚುತ್ತಾರೆ. ಆಮೇಲೆ ಕೋಳಿಗೂ ರೂಢಿಯಾಗುತ್ತದೆ. ದಿಬ್ಬಕ್ಕೆ ಸೊಸೆಯಾಗಿ ಹೋದ ಹುಡುಗಿಯರು ಮೊದಲ ಹಬ್ಬಕ್ಕೆ ತವರಿಗೆ ಬಂದಾಗ ಹೇಳುವ ದೂರು ಒಂದೇ: ಬೆಳಕಿರುವ ತನಕ ಅತ್ತೆ ಕೆಲಸ ಹೇಳುತ್ತಾಳೆ. ಎರಡನೆಯ ಹಬ್ಬಕ್ಕೆ ಬಂದಾಗ ಅವರೇ ಸಂಜೆಯಾಗುತ್ತಲೂ ಮೇಲೆ ಹೋಗಬೇಕೆಂದು ಚಡಪಡಿಸುತ್ತಾರೆ.

ನಾನು ನಿಂಬಕ್ಕ. ಮನೆ ತೋರಿಸುವುದು ನನ್ನ ಉದ್ಯೋಗ. ದಲ್ಲಾಳಿ ಅನ್ನಿ, ಏಜೆಂಟ್ ಅನ್ನಿ, ನನಗೆ ಸಿಟ್ಟಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಚೀಲ, ಅವನ ನೋಟ್‌ಬುಕ್ಕು, ಅವನ ಗಿರಾಕಿಗಳನ್ನು ಹಾಗೆಯೇ ಎತ್ತಿಕೊಂಡು ಹತ್ತೊಂಬತ್ತು ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಊರಿಗೆ ಹೊಸಬರು ಬಂದಾಗ ನನ್ನನ್ನು ಒಂದು ಮಾತು ಕೇಳಿಯೇ ಕೇಳುತ್ತಾರೆ. ದಿಬ್ಬದ ಓಣಿಯ ಮನೆಗಳ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೆಳಗೆ ಅದರ ಕಾಲುಭಾಗದ ಬೆಲೆಗೆ ಒಳ್ಳೊಳ್ಳೆಯ ಮನೆಗಳು ವರ್ಷಗಟ್ಟಲೆ ಗಿರಾಕಿ ಇಲ್ಲದೆ ಬಿದ್ದಿರುತ್ತವೆ. ಮೇಲಿನವು ಮಾತ್ರ ಬೋರ್ಡಿನ ಬಣ್ಣ ಒಣಗುವುದರೊಳಗೆ ಹೋಗಿಬಿಡುತ್ತವೆ. ಅದು ಹೇಗೆ? ಮೊದಮೊದಲು ನಾನು "ಬೆಳಕಿಗಾಗಿ" ಎಂದು ಹೇಳಿ ಮುಗಿಸುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ ಎಂದು ನನಗೆ ತಿಳಿದದ್ದು ಬೇಕರಿ ಪಾಸ್ಕಲಣ್ಣನ ಮನೆ ಮಾರಿದ ದಿನ.

ಅದಕ್ಕೂ ಮೊದಲು ನನ್ನದೊಂದು ತಪ್ಪು ಹೇಳಿಬಿಡಬೇಕು. ಉದ್ಯೋಗಕ್ಕೆ ಇಳಿದ ಹೊಸತರಲ್ಲಿ ನಾನು ದಿಬ್ಬದ ಮೂಲೆಮನೆಯನ್ನು ಪರಊರಿನವನೊಬ್ಬನಿಗೆ ಕೊಡಿಸಿದ್ದೆ. ಆತ ಕಾಗದ ಮಾಡಿಸಿಕೊಂಡ, ಬಾಗಿಲಿಗೆ ಬೀಗ ಜಡಿದ, ಹೋದ. ತಿಂಗಳು ತುಂಬುವುದರೊಳಗೆ ಆ ಮನೆಯ ಮುಂದೆ, ಆ ಮನೆಯ ಮುಂದಷ್ಟೇ, ಕೆಳಗಿನ ಹಾಗೆ ಹೊತ್ತಿಗೆ ಸರಿಯಾಗಿ ಕತ್ತಲಾಗತೊಡಗಿತು. ಎರಡೂ ಬದಿಗೆ ಬೆಳಕು, ನಡುವೆ ಒಂದು ಮನೆಯಗಲದ ಕತ್ತಲು. ಹಲ್ಲು ಬಿದ್ದ ಬಾಯಿಯ ಹಾಗೆ. ಮಕ್ಕಳು ಅಲ್ಲಿಗೆ ಬಂದರೆ ಆಟ ನಿಲ್ಲಿಸಿ ಓಡಿ ದಾಟುತ್ತಿದ್ದರು. ಹಾಲಿನವಳು ಎಡವಿ ಬಿದ್ದು ಕೈ ಮುರಿದುಕೊಂಡಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. ಎರಡು ವರ್ಷ ಆ ಓಣಿಯಲ್ಲಿ ಒಬ್ಬರೂ ನನಗೆ ಒಂದು ಲೋಟ ನೀರು ಕೊಡಲಿಲ್ಲ, ಅಷ್ಟೇ. ಕೊನೆಗೆ ಆ ಮನೆಗೆ ಮಕ್ಕಳು ಮರಿ ಇರುವ ಒಕ್ಕಲೊಂದು ಬಂದ ಮೇಲೆ ಬೆಳಕೂ ಬಂತು, ನನಗೆ ನೀರೂ ಬಂತು. ಅಂದಿನಿಂದ ಆ ಓಣಿಯಲ್ಲಿ ಒಂದು ಕಟ್ಟಳೆ ತಾನಾಗಿಯೇ ಬೆಳೆಯಿತು. ಮನೆ ಕೊಡುತ್ತೇನೆಂದು ಯಾರಾದರೂ ಬಾಯಿಬಿಟ್ಟರೆ ಅದೇ ದಿನ ಬೆಳಕು ಹೋಗುವುದರೊಳಗೆ ಮಾತು ಮುಗಿಯಬೇಕು. ಅನುಮಾನ ಇಟ್ಟುಕೊಂಡು ಯಾರೂ ಮಲಗಬಾರದು.

ಪಾಸ್ಕಲಣ್ಣ ಬಂದದ್ದು ಒಂದು ಬುಧವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ. ನಮ್ಮೂರಿನಲ್ಲಿ ಅವನ ಬೇಕರಿಯ ಬ್ರೆಡ್ಡು ತಿನ್ನದವರಿಲ್ಲ. ಅರವತ್ತರ ಹತ್ತಿರದ ದೊಡ್ಡ ಆಳು. ಎಷ್ಟು ತೊಳೆದರೂ ಕಿವಿಯ ಹಿಂದೆ ಒಂದಿಷ್ಟು ಮೈದಾ ಉಳಿದೇ ಇರುತ್ತಿತ್ತು. ಬಂದವನು ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ನಿಂಬಕ್ಕಾ, ಮನಿ ಕೊಡೂದೈತಿ. ಇವತ್ತ ಕೊಡೂದೈತಿ" ಎಂದ.

ನನಗೆ ನಂಬಿಕೆಯಾಗಲಿಲ್ಲ. ಓಣಿಯ ನಡುವಿನ ಮನೆ ಅದು. ಆರು ಕೋಣೆ, ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಬಾವಿ. ಮಕ್ಕಳಿಬ್ಬರ ಮದುವೆಯನ್ನೂ ಅವನು ಆ ಪಡಸಾಲೆಯ ಮುಂದೆಯೇ ಚಪ್ಪರ ಹಾಕಿ ಮಾಡಿದ್ದ. "ಯಾಕ ಪಾಸ್ಕಲಣ್ಣಾ? ಏನರ ತ್ರಾಸ ಐತೇನು?" ಎಂದೆ.

"ತ್ರಾಸ ಏನಿಲ್ಲವ್ವಾ. ನನಗ ನಿದ್ದಿ ಬೇಕಾಗೈತಿ." ಅವನು ಕಣ್ಣು ಉಜ್ಜಿಕೊಂಡ. "ಮುಂಜಾನೆ ಮೂರಕ್ಕ ಎದ್ದು ಹಿಟ್ಟು ನಾದಬೇಕು. ಕೆಳಗಿನ ಮಂದಿ ಕತ್ತಲಿ ಮಾಡ್ಕೊಂಡು ಮಲಗೂ ಹೊತ್ತಿನ್ಯಾಗ ನನ್ನ ಮನ್ಯಾಗ ಇನ್ನೂ ಹಗಲ. ಕಿಡಕಿಗೆ ಕೌದಿ ಕಟ್ಟಿ ಮಲಗ್ತೀನಿ. ಎಲ್ಲಿಂದರ ಒಂದು ಎಳಿ ಬೆಳಕು ಬಂದ ಬರ್ತೈತಿ. ಇಪ್ಪತ್ತಾರು ವರ್ಷ ಆತು. ಮಕ್ಕಳ ಸಲುವಾಗಿ ಮನಿ ತಗೊಂಡಿದ್ದೆ. ಮಕ್ಕಳು ಆಡಿದ್ರು, ಬೆಳದ್ರು, ತಮ್ಮ ತಮ್ಮ ಸಂಸಾರಕ್ಕ ಹೋದ್ರು. ಇನ್ನ ಸಾಕು."

"ಬಾಯಾರು ಏನಂತಾರ?" ಎಂದೆ. ಅವನ ಹೆಂಡತಿ ಸೆರಾಫಿನಬಾಯಿ ಆ ಪಡಸಾಲೆಯ ಕುರ್ಚಿಯಲ್ಲಿ ಕೂತು ಸಂಜೆಯಿಡೀ ಕ್ರೋಶಾ ಹೆಣೆಯುವುದನ್ನು ಊರೇ ನೋಡಿತ್ತು.

"ನಿನ್ನಿ ಹೇಳೀನಿ. ಹೂಂ ಅಂದಾಳ. ಅದಕ್ಕ ಇವತ್ತ ಅಂತೀನಿ ನಾ. ಇನ್ನೆರಡು ದಿನ ಬಿಟ್ರ ಅಕಿನೂ ಮನಸ್ಸು ಬದಲಿ ಮಾಡ್ತಾಳ, ನಾನೂ ಮಾಡ್ತೀನಿ. ಬೇಕರಿ ಹಿಂದಿನ ಮನಿ ನೋಡಿಟ್ಟೀನಿ. ಇವತ್ತ ಮಾತು ಮುಗಸು."

ನಾನು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ದಿಬ್ಬ ಹತ್ತುವುದರೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಎದುರು ಮನೆಯ ಗೋದೂತಾಯಿ ಆಗಲೇ ತನ್ನ ತಮ್ಮನಿಗೆ, ತಮ್ಮನ ಬೀಗರಿಗೆ ಫೋನು ಮಾಡಿ ಮುಗಿಸಿದ್ದಳು. ಪಕ್ಕದ ಮನೆಯವರು ತಮ್ಮ ಆಫೀಸಿನ ಗುಮಾಸ್ತನಿಗೆ ಹೇಳಿ ಕಳಿಸಿದ್ದರು. ಆ ಓಣಿಯಲ್ಲಿ ಮನೆಯೊಂದು ಮಾರಾಟಕ್ಕೆ ಬಂದರೆ ಎಲ್ಲರೂ ದಲ್ಲಾಳಿಗಳೇ. ನಾನೊಬ್ಬಳು ಕಮಿಷನ್ ತೆಗೆದುಕೊಳ್ಳುವವಳು, ಅಷ್ಟೇ ವ್ಯತ್ಯಾಸ. ತಮ್ಮ ಮನೆಯ ಪಕ್ಕದ ಬಾಗಿಲು ತೆರೆದಿರಬೇಕು, ಒಳಗೆ ಒಲೆ ಉರಿಯಬೇಕು, ಮಕ್ಕಳ ಗದ್ದಲವಿರಬೇಕು. ಅದಿಲ್ಲದಿದ್ದರೆ ಕತ್ತಲು ಎಲ್ಲಿಂದ ಶುರುವಾಗುತ್ತದೆಂದು ಅವರಿಗೆಲ್ಲ ಗೊತ್ತಿತ್ತು.

ನನ್ನ ನೋಟ್‌ಬುಕ್ಕಿನಲ್ಲಿ ದಿಬ್ಬದ ಓಣಿಗಾಗಿಯೇ ನಲವತ್ತು ಹೆಸರುಗಳಿದ್ದವು. ಮೊದಲನೆಯದು ತುಂಗವ್ವನದು. ತುಂಗವ್ವ ಎಂದರೆ ಬಸ್‌ ನಿಲ್ದಾಣದ ಪಕ್ಕದ ರೊಟ್ಟಿ ಖಾನಾವಳಿಯವಳು. ಒಂದು ಒಲೆಯಿಂದ ಶುರುಮಾಡಿ ಈಗ ಮೂರು ಖಾನಾವಳಿ ನಡೆಸುತ್ತಾಳೆ. ಗಂಡ, ಇಬ್ಬರು ಮೈದುನರು, ಅವರ ಹೆಂಡಂದಿರು, ಅತ್ತೆ, ಆರು ಮಕ್ಕಳು, ಹದಿಮೂರು ಜನ ಒಂದೇ ಹಂಡೆಯ ನೀರಿನಲ್ಲಿ ಸ್ನಾನ ಮಾಡುವವರು. ಖಾನಾವಳಿಗೆ ಸೋಮವಾರ ರಜೆ. ಒಂಬತ್ತು ವರ್ಷಗಳಿಂದ ಪ್ರತಿ ಸೋಮವಾರ ಸಂಜೆ ತುಂಗವ್ವ ಒಬ್ಬಳೇ ದಿಬ್ಬ ಹತ್ತಿ ಬಂದು, ಪಾಸ್ಕಲಣ್ಣನ ಮನೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು, ಬೆಳಕು ಹೋಗುವ ತನಕ ಇದ್ದು ಇಳಿದು ಹೋಗುತ್ತಿದ್ದಳು. ಹೆಸರು ಬರೆಸಲು ಬಂದ ದಿನ ಅವಳು ಓಣಿಯ ಬೇರೆ ಯಾವ ಮನೆಯನ್ನೂ ಕೇಳಿರಲಿಲ್ಲ. "ಆ ಮನಿ ಬಂದ್ರ ನನಗ ಮೊದಲ ತೋರಸ್ರಿ. ಬರದಿದ್ರ ಬಿಡ್ರಿ, ಕೆಳಗ ಇರ್ತೀನಿ" ಎಂದಿದ್ದಳು.

ಫೋನು ಮಾಡಿದೆ. ಎತ್ತಿದವಳು ಅವಳ ನೆಗೆಣ್ಣಿ, ಸಣ್ಣ ಮೈದುನನ ಹೆಂಡತಿ. "ಅಕ್ಕ ಫೋನ್ ಇಲ್ಲೇ ಬಿಟ್ಟು ಹೋಗ್ಯಾಳ್ರಿ. ಹೊಳಿ ಆಚೆ ಸಂತಿಗೆ, ವರ್ಷದ ಮೆಣಸಿನಕಾಯಿ ತರಾಕ. ಬರೂದು ಕತ್ತಲಾಗ್ತೈತಿ" ಎಂದಳು. ಮನೆಯ ವಿಷಯ ಹೇಳಿದೆ. "ನಮ್ಮದೆಲ್ಲಾ ಹೂಂ ಐತ್ರಿ. ಆದ್ರ ಅಕ್ಕನ ಬಂದು ಹೂಂ ಅನ್ನಬೇಕು" ಎಂದಳು.

ಮಧ್ಯಾಹ್ನದವರೆಗೆ ಮನೆ ನೋಡಲು ಒಂಬತ್ತು ಮಂದಿ ಬಂದರು. ಗೋದೂತಾಯಿಯ ತಮ್ಮನಿಗೆ ಬೆಲೆ ಎಟುಕಲಿಲ್ಲ. ಗುಮಾಸ್ತ ಮನೆಯನ್ನು ನೋಡಿ ಕಣ್ಣು ತುಂಬಿಕೊಂಡು, ಪಡಸಾಲೆಯ ಕಂಬವನ್ನೊಮ್ಮೆ ಸವರಿ, ಹೋದ. ಮೂರು ಗಂಟೆಗೆ ಉಮಾಪತಿ ಸಾಹುಕಾರರು ಬಂದರು. ಪರಊರಿನವರು, ಬಿಳಿ ಅಂಗಿ, ಮೆತ್ತನೆಯ ಮಾತು. ಕೆಟ್ಟವರೆಂದು ನಾನು ಹೇಳಲಾರೆ. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬಂದು, ಎಲ್ಲ ಕೋಣೆಗಳನ್ನೂ ನೋಡಿ, ಪಾಸ್ಕಲಣ್ಣ ಹೇಳಿದ ಬೆಲೆಯ ಮೇಲೆ ತಾವೇ ಒಂದಿಷ್ಟು ಸೇರಿಸಿ ಹೇಳಿದರು. ಪಾಸ್ಕಲಣ್ಣ ಕೂಡಲೇ ಹೂಂ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಸೆರಾಫಿನಬಾಯಿ ಒಳಗಿನಿಂದ ಕೇಕಿನ ತಟ್ಟೆ ಹಿಡಿದುಕೊಂಡು ಬಂದರು. ಬೆಳಿಗ್ಗೆಯಿಂದ ಬಂದ ಪ್ರತಿಯೊಬ್ಬರಿಗೂ ಕೇಳಿದ ಪ್ರಶ್ನೆಯನ್ನೇ ಅವರಿಗೂ ಕೇಳಿದರು.

"ಸಂಜಿ ಹೊತ್ತು ಇಲ್ಲಿ ಏನ್ ಮಾಡ್ತೀರಿ ನೀವು?"

ಸಾಹುಕಾರರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ನಾ ಇಲ್ಲಿ ಇದ್ರಲ್ರಿ ಬಾಯಿ? ಕೀಲಿ ಹಾಕಿ ಇಡ್ತೀನಿ. ಈ ಓಣ್ಯಾಗ ಮನಿ ಅಂದ್ರ ಬಂಗಾರ ಇದ್ದಂಗ. ಐದು ವರ್ಷ ಬಿಟ್ಟು ನೋಡೂಣು ಅಂತ" ಎಂದು ನಕ್ಕರು. ಅವರ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ.

ಸೆರಾಫಿನಬಾಯಿ ನನ್ನನ್ನು ಅಡುಗೆಮನೆಗೆ ಕರೆದರು. "ಬ್ಯಾರೆ ಯಾರೂ ಇಲ್ಲೇನ ನಿಂಬಕ್ಕಾ?" ಎಂದರು. ಒಬ್ಬಳಿದ್ದಾಳೆ, ಹೊಳೆಯಾಚೆ ಹೋಗಿದ್ದಾಳೆ ಎಂದೆ. ಯಾರೆಂದು ಕೇಳಿದರು. ಹೇಳಿದೆ. "ಸೋಮವಾರದಾಕಿನ?" ಎಂದು ಕೇಳಿ ಅವರು ಒಲೆಯ ಕಟ್ಟೆಗೆ ಆತು ನಿಂತರು. "ಹೋಗಿ ಕರಕೊಂಡು ಬಾ. ಬೆಳಕು ಹೋಗೂತನಕ ಇವರನ್ನ ನಾ ಕೂಡಿಸ್ಕೊಂಡಿರ್ತೀನಿ. ಕೇಕು ಬೇಕಾದಷ್ಟೈತಿ."

ಅಂಗಳ ದಾಟುವಾಗ ಸಾಹುಕಾರರು ಹಿಂದೆಯೇ ಬಂದರು. "ಅಕ್ಕಾರ, ನಿಮ್ಮ ಕಮಿಷನ್ ಎರಡು ಪಟ್ಟು ಮಾಡ್ತೀನಿ. ಇಲ್ಲೇ ಕುಂಡ್ರಿ, ಸಂಜಿ ಆಗ್ಲಿ" ಎಂದು ಮೆಲ್ಲಗೆ ಹೇಳಿದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ನನ್ನ ಮನೆಯ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿತ್ತು. ಏನೂ ಮಾಡಬೇಕಾಗಿಯೂ ಇರಲಿಲ್ಲ. ಸುಮ್ಮನೆ ಕೂತರೆ ಸಾಕು. ಒಂದು ಗಳಿಗೆ ನಿಂತೆ ಕೂಡ. ಆಗ ಮೂಲೆಮನೆಯ ಮುಂದೆ ಓಡಿ ದಾಟುತ್ತಿದ್ದ ಆ ಮಕ್ಕಳ ಕಾಲುಗಳು ಕಣ್ಣಿಗೆ ಕಟ್ಟಿದವು. "ಬಂದ ಬಿಡ್ತೀನ್ರಿ" ಎಂದು ಹೇಳಿ ಗೇಟು ಎಳೆದುಕೊಂಡೆ.

ಕೈಗೆ ಸಿಕ್ಕದ್ದು ದಾವಲಸಾಬನ ಆಟೋ, ನಮ್ಮೂರಿನಲ್ಲೇ ಹಳೆಯದು. ಸೇತುವೆ ದಾಟಿ ಸಂತೆ ಮುಟ್ಟುವಾಗ ಐದು ಗಂಟೆ. ಮೆಣಸಿನಕಾಯಿ ಸಂತೆ ಎಂದರೆ ಅರ್ಧ ಮೈಲಿನ ತನಕ ಕೆಂಪು ಗುಡ್ಡೆಗಳು. ಮೂಗು ಉರಿಯುತ್ತದೆ, ಕಣ್ಣು ಸುರಿಯುತ್ತದೆ, ಎಲ್ಲರೂ ಸೀನುತ್ತಲೇ ಚೌಕಾಶಿ ಮಾಡುತ್ತಾರೆ. ಅಷ್ಟು ಮಂದಿಯಲ್ಲಿ ಅವಳನ್ನು ಎಲ್ಲಿ ಹುಡುಕುವುದು? ದಾವಲಸಾಬ ಒಂದು ದಿಕ್ಕು, ನಾನೊಂದು ದಿಕ್ಕು ಹಿಡಿದೆವು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಾನು "ಖಾನಾವಳಿ ತುಂಗವ್ವನ್ನ ನೋಡೀರೇನು?" ಎಂದು ಕೇಳುತ್ತ ಹೋದೆ. ಒಬ್ಬ ಹಮಾಲ ಆ ತುದಿ ಎಂದ, ಇನ್ನೊಬ್ಬ ಈ ತುದಿ ಎಂದ. ಬಿಸಿಲು ಕೆಂಪಗಾಗುತ್ತ ಬಂದಿತ್ತು. ಕೊನೆಗೆ ತಕ್ಕಡಿಯೊಂದರ ಹಿಂದೆ, ಮೂರು ಚೀಲಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕಾಯಿ ಮುರಿದು ಮೂಸಿ ನೋಡುತ್ತಿದ್ದ ತುಂಗವ್ವ ಕಾಣಿಸಿದಳು.

"ಪಾಸ್ಕಲಣ್ಣನ ಮನಿ ಬಂತು" ಎಂದೆ.

ಅವಳ ಕೈಯಲ್ಲಿದ್ದ ಕಾಯಿ ಹಾಗೆಯೇ ನಿಂತಿತು. "ಯಾವಾಗ?"

"ಇವತ್ತ. ಬೆಳಕು ಹೋಗೂದ್ರಾಗ ಹೂಂ ಅನ್ನಬೇಕು. ಇನ್ನೊಬ್ರು ಕುಂತಾರ."

ಅವಳು ಎದ್ದು ನಿಂತಳು, ಮತ್ತೆ ಕೂತಳು. ಚೀಲದ ಬಾಯಿ ಕಟ್ಟಿದಳು, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ನಾನೂ ದಾವಲಸಾಬನೂ ಸೇರಿ ಚೀಲಗಳನ್ನು ಆಟೋದ ಹಿಂದೆ ಹೇರಿದೆವು. ಆಟೋ ಹೊರಟ ಮೇಲೆ ಪಾಸ್ಕಲಣ್ಣ ಹೇಳಿದ ಬೆಲೆ ತಿಳಿಸಿದೆ, "ಅದಕ್ಕಂತ ರೊಕ್ಕ ಕೂಡಿಸಿಟ್ಟೀನ್ರಿ" ಎಂದಳು ತುಂಗವ್ವ. ಸೇತುವೆಯ ಮೇಲೆ ಎತ್ತಿನ ಗಾಡಿಗಳ ಸಾಲು. ಸಂತೆ ಬಿಟ್ಟ ಹೊತ್ತು. ಮುಂದೆ ಹೋಗಲಾರದೆ ನಿಂತೆವು. ಅಲ್ಲೇ ನಮ್ಮ ಕಣ್ಣೆದುರಿಗೆ ಸೂರ್ಯ ಹೊಳೆಯಲ್ಲಿ ಇಳಿದ. ನೀರು ಕಪ್ಪಾಯಿತು, ಗಾಡಿಗಳವರು ಕಂದೀಲು ಹಚ್ಚಿಕೊಂಡರು, ಕೆಳಪೇಟೆಯ ದೀಪಗಳು ಒಂದೊಂದಾಗಿ ಹೊತ್ತಿದವು. ದೂರದಲ್ಲಿ, ಎಲ್ಲಕ್ಕಿಂತ ಮೇಲೆ, ದಿಬ್ಬದ ಓಣಿ ಮಾತ್ರ ಇನ್ನೂ ಬಂಗಾರದ ನೀರು ಹೊಯ್ದ ಹಾಗೆ ಹೊಳೆಯುತ್ತಿತ್ತು.

"ಇನ್ನೊಂದು ತಾಸೈತಿ ಬಿಡ್ರಿ" ಎಂದ ದಾವಲಸಾಬ.

ತುಂಗವ್ವ ಆ ಕಡೆಯೇ ನೋಡುತ್ತ, "ನಾ ಒಳಗ ಹೋಗೂದಿಲ್ರಿ ನಿಂಬಕ್ಕಾ" ಎಂದಳು.

"ಹುಚ್ಚಿ ಏನ? ಒಳಗ ನೋಡಲಾರದ ಮನಿ ತಗೋತಿ ಏನು?"

"ಒಂಬತ್ತು ವರ್ಷ ಹೊರಗ ಕುಂತು ಒಳಗಿಂದೆಲ್ಲಾ ನಾನ ಕಟ್ಟೀನ್ರಿ. ಇಲ್ಲಿ ದೇವರ ಕೋಲಿ, ಇಲ್ಲಿ ಅತ್ತಿಯ ಹಾಸಿಗಿ, ಇಲ್ಲಿ ಒಲಿ ಅಂತ. ನೀಲಿ ಬಾಗಲದ ಕಿಡಕಿ ಒಂದೈತಲ್ಲ, ಯಾವಾಗಲೂ ಮುಚ್ಚೇ ಇರ್ತೈತಿ, ಅದು ದೇವರ ಕೋಲಿ ಅಂತ ಮಾಡೀನಿ. ಒಳಗ ಹೋಗಿ ನೋಡಿ, ಹಂಗ ಇರಲಿಲ್ಲಂದ್ರ?" ಅವಳು ಕಣ್ಣೊರೆಸಿಕೊಂಡಳು. ಮೆಣಸಿನಕಾಯಿಯ ಕೈ, ಕಣ್ಣು ಇನ್ನಷ್ಟು ಉರಿದು ಇಬ್ಬರಿಗೂ ನಗು ಬಂತು.

ಗಾಡಿಗಳ ಸಾಲು ಸರಿದು ನಾವು ದಿಬ್ಬ ಹತ್ತುವಾಗ ಬೆಳಕು ಹಳದಿಯಿಂದ ಕಿತ್ತಳೆಗೆ ತಿರುಗಿತ್ತು. ಆ ಓಣಿಯಲ್ಲಿ ಅದು ಕೊನೆಯ ಕಾಲು ತಾಸಿನ ಬಣ್ಣ. ಇಡೀ ಓಣಿ ಹೊರಗೆ ನಿಂತಿತ್ತು. ಗೋದೂತಾಯಿ ನಮ್ಮನ್ನು ನೋಡಿದವಳೇ, "ಬಂದ್ರು, ಬಂದ್ರು!" ಎಂದು ಕೂಗಿದಳು. ಪಡಸಾಲೆಯಲ್ಲಿ ಸಾಹುಕಾರರ ಮುಂದೆ ಕೇಕಿನ ನಾಲ್ಕನೆಯ ತಟ್ಟೆ ಇತ್ತು. ಅವರು ಅದನ್ನು ದಣಿದ ಕಣ್ಣಿನಿಂದ ನೋಡುತ್ತಿದ್ದರು. ಪಾಸ್ಕಲಣ್ಣ ಅತ್ತಿಂದಿತ್ತ ಅಡ್ಡಾಡುತ್ತಿದ್ದ. "ಏನವ್ವಾ ನಿಂಬಕ್ಕಾ, ಇನ್ನ ಸ್ವಲ್ಪ ಹೊತ್ತಿನ್ಯಾಗ ಮಾತು ಕೊಟ್ಟಬಿಡ್ತಿದ್ದೆ" ಎಂದ.

ತುಂಗವ್ವ ಹೊಸ್ತಿಲ ಮುಂದೆ ನಿಂತುಬಿಟ್ಟಳು. ಸೆರಾಫಿನಬಾಯಿ ಎದ್ದು ಬಂದು, ಏನೂ ಕೇಳದೆ, ಮೆಣಸಿನಕಾಯಿ ಹತ್ತಿದ ಆ ಕೈ ಹಿಡಿದು ಒಳಗೆ ಕರೆದುಕೊಂಡರು. ನಾನು ಹಿಂದೆ ಹೋದೆ. ಅವಳು ನೋಡಿದ್ದು ಹೇಗೆಂದು ನಾನು ಮರೆಯಲಾರೆ. ಬೇರೆಯವರು ಗೋಡೆ ಬಡಿದು ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಬಾವಿಗೆ ಇಣುಕುತ್ತಾರೆ. ಇವಳು ತನ್ನ ಮನೆಯಲ್ಲಿ ವಸ್ತುಗಳು ಇಟ್ಟಲ್ಲೇ ಇವೆಯೇ ಎಂದು ನೋಡುವವಳ ಹಾಗೆ ನಡೆದಳು. ಅತ್ತೆಯ ಹಾಸಿಗೆಯ ಜಾಗ ಇತ್ತು. ಒಲೆ ಅವಳಂದುಕೊಂಡ ಕಡೆ ಇರಲಿಲ್ಲ, ಆದರೆ ಇದ್ದ ಕಡೆ ಇನ್ನೂ ದೊಡ್ಡದಾಗಿತ್ತು, ತಲೆಯಾಡಿಸಿದಳು. ನೀಲಿ ಕಿಟಕಿಯ ಕೋಣೆಯ ಬಾಗಿಲಿಗೆ ಬಂದಾಗ ಅವಳು ನಿಂತಳು.

ಒಳಗೆ ಮಧ್ಯರಾತ್ರಿಯಂಥ ಕತ್ತಲು. ಮಂಚ ಒಂದು. ಕಿಟಕಿಗೆ ಮೂರು ಕೌದಿಗಳನ್ನು ಒಂದರ ಮೇಲೊಂದು ಮೊಳೆ ಹೊಡೆದು ತೂಗುಹಾಕಿತ್ತು. ಪಾಸ್ಕಲಣ್ಣ ನಾಚಿಕೊಂಡು, "ಅದು ನಾ ಮಲಗೂ ಕೋಲಿ. ದೇವರು ಗೀವರು ಏನಿಲ್ಲಿಲ್ಲ" ಎಂದ.

ತುಂಗವ್ವ ಕೋಣೆಯೊಳಗೆ ಹೋದಳು. ಕತ್ತಲಲ್ಲಿ ಕೈಯಾಡಿಸಿ ಕೌದಿಯ ಅಂಚು ಹಿಡಿದಳು. "ತೆಗಿಲೇನ್ರಿ?" ಎಂದು ಕೇಳಿದಳು. ಪಾಸ್ಕಲಣ್ಣ ಹೂಂ ಅಂದ. ಅವಳು ಎಳೆದಳು, ನಾನೂ ಕೈ ಹಚ್ಚಿದೆ. ಮೂರು ಕೌದಿಗಳೂ ಒಟ್ಟಿಗೆ ಕೆಳಗೆ ಬಿದ್ದವು. ನೀಲಿ ಬಾಗಿಲುಗಳನ್ನು ತಳ್ಳಿದಾಗ ಕಿತ್ತಳೆ ಬೆಳಕು ಒಂದೇ ಸಲಕ್ಕೆ ಒಳಗೆ ನುಗ್ಗಿ ಮಂಚ, ಗೋಡೆ, ಜಂತಿ, ನಮ್ಮ ನಾಲ್ವರ ಮುಖ, ಎಲ್ಲದರ ಮೇಲೂ ಬಿತ್ತು. ಇಪ್ಪತ್ತಾರು ವರ್ಷಗಳ ಕೌದಿಯ ಧೂಳು ಗಾಳಿಯಲ್ಲಿ ಮಿಂಚುತ್ತ ತೇಲಿತು. ಪಾಸ್ಕಲಣ್ಣ ಕಣ್ಣು ಕಿರಿದು ಮಾಡಿಕೊಂಡು ಸುತ್ತ ನೋಡಿದ. "ಈ ಕೋಲಿ ಸಂಜೀ ಮುಂದ ಹಿಂಗಿರ್ತೈತೇನ? ನಾ ನೋಡೇ ಇರಲಿಲ್ಲಲ್ಲ!" ಎಂದ. ಸೆರಾಫಿನಬಾಯಿ ಗಂಡನ ಮುಖವನ್ನೇ ನೋಡುತ್ತಿದ್ದರು.

ಆಮೇಲೆ ಅವರು ತುಂಗವ್ವನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. "ಸಂಜಿ ಹೊತ್ತು ಇಲ್ಲಿ ಏನ್ ಮಾಡ್ತೀಯವ್ವಾ?"

ಬೆಳಿಗ್ಗೆಯಿಂದ ಬಂದವರೆಲ್ಲ ಚಂದದ ಉತ್ತರಗಳನ್ನೇ ಕೊಟ್ಟಿದ್ದರು. ಮಕ್ಕಳಿಗೆ ಪಾಠ ಹೇಳಿಕೊಡುತ್ತೇವೆ, ಹೂವಿನ ಗಿಡ ಹಚ್ಚುತ್ತೇವೆ, ಸಂಗೀತ ಕಲಿಯುತ್ತೇವೆ ಎಂದು. ತುಂಗವ್ವ ಕೌದಿಯ ಧೂಳು ಹತ್ತಿದ ಕೈ ಕೊಡವಿಕೊಂಡಳು.

"ಏನೂ ಮಾಡೂದಿಲ್ರಿ. ಕುಂಡ್ರತೀನಿ" ಎಂದಳು. "ಎಂಟು ವರ್ಷದಾಕಿ ಇದ್ದಾಗಿಂದ ಒಲಿ ಮುಂದ ಅದೀನ್ರಿ. ಬೆಳಕು ಇರೂತನಕ ದುಡಿ, ಕತ್ತಲಾದ ಮ್ಯಾಲೆ ಬಡಸು. ಬೆಳಕಿನ್ಯಾಗ ಕೈ ಖಾಲಿ ಇಟ್ಕೊಂಡು ಕುಂತಿದ್ದು ಅಂದ್ರ ಆ ಸೋಮವಾರ ಅಷ್ಟ. ಮನಿ ಸಿಕ್ರ ಸಂಜಿ ಖಾನಾವಳಿ ನಾವ ನೋಡ್ತೀವಿ ಅಂತ ನೆಗೆಣ್ಣೇರು ಮೊದಲ ಅಂದಾರ. ಮಂದಿ ಏನಾದ್ರೂ ಅನ್ಲಿ, ನಾ ಕುಂಡ್ರಾಕಿ."

ಸೆರಾಫಿನಬಾಯಿ ನಕ್ಕರು. ಗಂಡನ ಕಡೆ ನೋಡಿ ಹೂಂ ಎಂಬಂತೆ ಕತ್ತು ಆಡಿಸಿದರು. ಪಾಸ್ಕಲಣ್ಣ ಪಡಸಾಲೆಗೆ ಹೋಗಿ ಸಾಹುಕಾರರಿಗೆ ಕೈ ಮುಗಿದು, "ತಪ್ಪು ತಿಳೀಬ್ಯಾಡ್ರಿ, ಮನಿ ಹೋತು" ಎಂದ. ಅವನು ಆ ಮಾತು ಹೇಳಿ ಮುಗಿಸಿದ ಮೇಲೆಯೇ ಬೆಳಕು ತಗ್ಗತೊಡಗಿದ್ದು. ತುಂಗವ್ವ ಮನೆಯೊಳಗೆ ಇದ್ದದ್ದು ಎಣಿಸಿ ಹತ್ತು ನಿಮಿಷ. ಹೊರಗೆ ಓಣಿಯವರು, "ಹತ್ತ ನಿಮಿಷದಾಗ ಇಷ್ಟು ದೊಡ್ಡ ಮನಿ ಹೋತಲ್ಲೋ!" ಎಂದು ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದರು. ನನಗೆ ಆಗ ಹೊಳೆಯಿತು. ಅದು ಹತ್ತು ನಿಮಿಷದಲ್ಲಿ ಹೋದದ್ದಲ್ಲ. ಒಂಬತ್ತು ವರ್ಷ ಸೋಮವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಲೇ ಇತ್ತು. ಆ ದಿನ ಬಾಗಿಲು ತೆರೆಯಿತು, ಅಷ್ಟೇ. ಕೆಳಗೆ ಅಗ್ಗದ ಮನೆ ಹುಡುಕುವವರು ಮನೆಯನ್ನು ಕಂಡ ಮೇಲೆ ಮನಸ್ಸು ಮಾಡುತ್ತಾರೆ. ಇಲ್ಲಿಗೆ ಬರುವವರು ಮನಸ್ಸು ಮಾಡಿಟ್ಟುಕೊಂಡು ಮನೆಗಾಗಿ ಕಾಯುತ್ತಿರುತ್ತಾರೆ.

ಉಮಾಪತಿ ಸಾಹುಕಾರರು ಸಿಟ್ಟಾಗಲಿಲ್ಲ. ಎದ್ದು ಹೋಗಲೂ ಇಲ್ಲ. ಅಂಗಳಕ್ಕೆ ಇಳಿದವರು ಚಪ್ಪಲಿ ಮೆಟ್ಟುವುದನ್ನು ಮರೆತು, ಬೇವಿನ ಕಟ್ಟೆಯ ಮೇಲೆ ಕೂತು, ಹುಡುಗಿಯರು ಕೊನೆಯ ಆಟ ಆಡುವುದನ್ನು ಬೆಳಕು ಪೂರ್ತಿ ಹೋಗುವ ತನಕ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಈ ಓಣಿಗೆ ಮೂರು ಸಲ ಬಂದೀನಿ, ಮೂರೂ ಸಲ ಮಧ್ಯಾಹ್ನ. ಹಿಂಗಂತ ಯಾರೂ ಹೇಳಿರಲಿಲ್ಲ ನೋಡ್ರಿ" ಎಂದರು. ತಮ್ಮ ಹೆಸರು ಬರೆದುಕೊಳ್ಳಲು ಹೇಳಿದರು. ಕೀಲಿ ಹಾಕುವ ಹಾಗಿದ್ದರೆ ಬರೆದುಕೊಳ್ಳುವುದಿಲ್ಲ ಎಂದೆ. "ಇಲ್ಲ, ಇಲ್ಲ. ಇರಾಕ" ಎಂದರು. ನಲವತ್ತೊಂದನೆಯ ಹೆಸರಾಗಿ ಬರೆದುಕೊಂಡೆ.

ಐದನೆಯ ದಿನ ಪಾಸ್ಕಲಣ್ಣನ ಸಾಮಾನು ಕೆಳಗಿಳಿಯಿತು, ಅದೇ ಮಧ್ಯಾಹ್ನ ತುಂಗವ್ವನ ಹದಿಮೂರು ಮಂದಿ ಮೇಲೇರಿದರು. ಮನೆ ಒಂದು ಸಂಜೆಯೂ ಖಾಲಿ ಉಳಿಯಲಿಲ್ಲ. ಅಂದು ಸಂಜೆ ಕಾಗದಪತ್ರದ ನೆಪ ಮಾಡಿಕೊಂಡು ಆ ಕಡೆ ಹೋದೆ. ನೀಲಿ ಕಿಟಕಿಯ ಕೋಣೆಯಲ್ಲಿ ಅವಳ ಅತ್ತೆ ದೇವರ ಜಗುಲಿಗೆ ಸುಣ್ಣ ಬಳಿಯುತ್ತಿದ್ದಳು. ಮಕ್ಕಳು ಬಾವಿಯ ಸುತ್ತ ಓಡುತ್ತಿದ್ದರು. ಕಟ್ಟಿದ ಗಂಟುಗಳು ಇನ್ನೂ ಬಿಚ್ಚಿರಲಿಲ್ಲ. ಅದರ ನಡುವೆ ತುಂಗವ್ವ ಪಡಸಾಲೆಯಲ್ಲಿ ಕಾಲು ಚಾಚಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ನಕ್ಕಳು, ಏಳಲಿಲ್ಲ. "ಚಾ ಬೇಕಂದ್ರ ಬೆಳಕು ಹೋದ ಮ್ಯಾಲೆ ಬರ್ರಿ" ಎಂದಳು. ನಾನೂ ಅವಳ ಪಕ್ಕ ಕೂತೆ. ದಿಬ್ಬದ ಓಣಿಯಲ್ಲಿ ಇಷ್ಟು ಮನೆ ತೋರಿಸಿದ್ದೇನೆ, ಕೆಲಸವಿಲ್ಲದೆ ಅಲ್ಲಿ ಕೂತದ್ದು ನನಗೂ ಅದೇ ಮೊದಲು.

ಸೆರಾಫಿನಬಾಯಿಯ ಬಗ್ಗೆ ಮಾತ್ರ ನನಗೆ ಒಳಗೊಳಗೇ ಅಳುಕಿತ್ತು. ಅಷ್ಟು ಒಳ್ಳೆಯ ಸಂಜೆಯಿಂದ ಅವರನ್ನು ಎಬ್ಬಿಸಿ ಕಳಿಸಿದೆನಲ್ಲ ಎಂದು. ಒಂದು ತಿಂಗಳು ಕಳೆದ ಮೇಲೆ ಬೇಕರಿಯ ಹಿಂದಿನ ಮನೆಗೆ ಹೋದೆ. ಎರಡೇ ಕೋಣೆ. ಹೊತ್ತು ಆಗಷ್ಟೇ ಮುಳುಗಿತ್ತು. ಅವರು ಬಾಗಿಲಲ್ಲಿ ಕೂತು, ಕಣ್ಣಿಗೆ ಕಾಣಿಸದಾದ ಕ್ರೋಶಾವನ್ನು ಬುಟ್ಟಿಯಲ್ಲಿಡುತ್ತಿದ್ದರು.

"ಮ್ಯಾಲಿನ ಸಂಜಿ ನೆನಪಾಗೂದಿಲ್ಲೇನ್ರಿ ಬಾಯಿ?" ಎಂದು ಕೇಳಿದೆ.

"ಆಗ್ತೈತಿ. ಯಾಕ ಆಗೂದಿಲ್ಲ?" ಎಂದರು. "ಆದ್ರ ನಿಂಬಕ್ಕಾ, ಇಪ್ಪತ್ತಾರು ವರ್ಷ ಆ ಬೆಳಕು ನಾ ಒ‌ಬ್ಬಾಕಿನ ನೋಡೀನಿ. ಅಂವಾ ಒಳಗ ಕೌದಿ ಕಟ್ಕೊಂಡು ಬಿದ್ದಿರಾಂವ. ನಾ ಒಳಗ ಹೋಗೂದ್ರಾಗ ಅಂವಗ ಒಂದು ನಿದ್ದಿ ಆಗಿರ್ತಿತ್ತು, ನಾ ಏಳೂದ್ರಾಗ ಬೇಕರಿಗೆ ಹೋಗಿರ್ತಿದ್ದ. ಇಲ್ಲಿ ಕತ್ತಲಿ ಇಬ್ಬರಿಗೂ ಒಮ್ಮೆಗೇ ಆಗ್ತೈತಿ" ಎಂದರು.

ಒಳಗಿನಿಂದ ಪಾಸ್ಕಲಣ್ಣ, "ಸೆರಾಫಿನ್, ಬರ್ತೀಯೇನ?" ಎಂದು ಕರೆದ. ಅವರು ಬುಟ್ಟಿಯನ್ನು ಬದಿಗಿಟ್ಟು ಎದ್ದರು. ನಾನು ಹೊರಟೆ. ಓಣಿಯ ತಿರುವು ಮುಟ್ಟುವುದರೊಳಗೆ ಹಿಂದೆ ಅವರ ಮನೆಯ ದೀಪ ಆರಿತು.